ಹಕ್ಕಿ ಎಲ್ಲಿಂದ ಬಂತು ಎಂಬ ಪ್ರಶ್ನೆ

ಚಳಿಗಾಲ ಹತ್ತಿರವಾದಂತೆ ಬಿಟಿಎಂ ಲೇಔಟ್ ಪಕ್ಕದ ಮಡಿವಾಳ ಕೆರೆಗೆ ಉತ್ತರದ ಬಾತುಗಳು ಬಂದಿಳಿಯುತ್ತವೆ. ಸೂಜಿಬಾಲದ ಬಾತು, ಸಲಿಕೆ ಕೊಕ್ಕಿನ ಬಾತು, ಬಿಳಿ ಹುಬ್ಬಿನ ಬಾತು: ಮೂರೂ ಮರಿ ಮಾಡುವುದು ಸೈಬೀರಿಯಾ ಮತ್ತು ಮಧ್ಯ ಏಷ್ಯಾದ ಜೌಗು ನೆಲಗಳಲ್ಲಿ. ಹೆಚ್ಚುಕಮ್ಮಿ ಅದೇ ತಿಂಗಳುಗಳಲ್ಲಿ ದೇಶದ ಯಾವುದಾದರೂ ಮೂಲೆಯಿಂದ ಹಕ್ಕಿಜ್ವರದ ಸುದ್ದಿ ಬರುತ್ತದೆ, ವಲಸೆ ಹಕ್ಕಿಗಳ ಮೇಲೆ ನಿಗಾ ಇಡಿ ಎಂಬ ಸುತ್ತೋಲೆ ಹೊರಡುತ್ತದೆ, ಕೆರೆಯಂಗಳದಲ್ಲಿ ವಾಕಿಂಗ್ ಮಾಡುವವರು ನಾಲ್ಕು ಹೆಜ್ಜೆ ದೂರದಿಂದಲೇ ಹಕ್ಕಿ ನೋಡುತ್ತಾರೆ. ಕಾಡುಪ್ರಾಣಿ ಸತ್ತಾಗ, ಅದರ ಸಾವಿಗೂ ಮನುಷ್ಯರ ಕಾಯಿಲೆಗೂ ನಂಟಿರಬಹುದೆಂಬ ಅನುಮಾನ ಹುಟ್ಟಿದಾಗ, ನಮ್ಮ ಬಾಯಿಗೆ ಮೊದಲು ಬರುವ ಪ್ರಶ್ನೆ ಅದು ಎಲ್ಲಿಂದ ಬಂತು ಎಂಬುದು. ಕಳೆದ ಆರೇಳು ದಶಕಗಳ ಸಂಶೋಧನೆಯನ್ನು ಒಟ್ಟಿಗೆ ಹರವಿಕೊಂಡು ನೋಡಿದರೆ ಆ ಪ್ರಶ್ನೆಗೆ ಸಿಕ್ಕ ಉತ್ತರಗಳು ಅಷ್ಟೇನೂ ಉಪಯೋಗಕ್ಕೆ ಬಂದಿಲ್ಲ. ಉಪಯೋಗಕ್ಕೆ ಬಂದದ್ದು ಇನ್ನೊಂದು ಪ್ರಶ್ನೆ: ಸತ್ತ ಪ್ರಾಣಿ ಇಲ್ಲಿ ಏನು ತಿಂದಿತು, ಯಾವ ನೀರಿನಲ್ಲಿತ್ತು, ಆ ನೀರನ್ನು ಹಾಗೆ ಮಾಡಿದವರು ಯಾರು? ದಕ್ಷಿಣ ಬೆಂಗಳೂರಿನಂಥ ಜಾಗದಲ್ಲಿ ಈ ಎರಡನೆಯದನ್ನು ಕೇಳುವ ಏರ್ಪಾಡೇ ಇಲ್ಲ.

ಮೊದಲ ಪ್ರಶ್ನೆಯ ಇತಿಹಾಸ ಕರ್ನಾಟಕದಲ್ಲೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಸತ್ತು ಬೀಳತೊಡಗಿದವು; ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು, ಕೆಲವರು ಏಳಲಿಲ್ಲ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಪುಣೆಯಲ್ಲಿ ಶುರುವಾಗಿದ್ದ ವೈರಸ್ ಸಂಶೋಧನಾ ಕೇಂದ್ರದವರು ಧಾವಿಸಿ ಬಂದರು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವುದನ್ನು ಕಂಡು ಅವರಿಗೆ ಮೊದಲು ಹುಟ್ಟಿದ ಭಯ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬುದು. ಪ್ರಯೋಗಾಲಯದಲ್ಲಿ ಸಿಕ್ಕ ವೈರಸ್ ಬೇರೆಯೇ ಆಗಿತ್ತು. ಉಣುಗುಗಳ ಮೂಲಕ ಹರಡುವ, ರಷ್ಯಾದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಸ್‌ಗಳ ಕುಟುಂಬಕ್ಕೆ ಅದು ಸೇರಿತ್ತು. ಅದೇ ಕುಟುಂಬದ ಓಮ್ಸ್ಕ್ ಜ್ವರ 1940ರ ದಶಕದಲ್ಲಿ ಪಶ್ಚಿಮ ಸೈಬೀರಿಯಾದ ಸರೋವರ ಪ್ರದೇಶದಲ್ಲಿ ಕಾಣಿಸಿಕೊಂಡಿತ್ತು. ಅಲ್ಲಿ ಅದಕ್ಕೆ ಗುರಿಯಾದದ್ದು ಮಸ್ಕ್‌ರ‍್ಯಾಟ್ ಎಂಬ ನೀರುಪ್ರಾಣಿ ಮತ್ತು ಅದನ್ನು ಹಿಡಿದು ಚರ್ಮ ಸುಲಿಯುವ ಬೇಟೆಗಾರರು. ಸೈಬೀರಿಯಾದ ನೀರಿನಲ್ಲಿರುವ ಕಾಯಿಲೆಯ ದಾಯಾದಿ ಸೊರಬಕ್ಕೆ ಬಂದದ್ದು ಹೇಗೆ? ಹಕ್ಕಿಯ ಮೈಮೇಲಿನ ಉಣುಗು ತಂದಿರಬಹುದು ಎಂಬ ಊಹೆ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದೊಂದಿಗೆ ಪಕ್ಷಿತಜ್ಞ ಸಲೀಂ ಅಲಿ ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಲಸೆ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಮೈಮೇಲಿನ ಉಣುಗು ಹೆಕ್ಕುವ ದೊಡ್ಡ ಕೆಲಸಕ್ಕೆ ಇಳಿಯಿತು.

ಆ ಕೆಲಸದಿಂದ ಭಾರತದ ಪಕ್ಷಿವಿಜ್ಞಾನಕ್ಕೆ ಆದ ಲಾಭಕ್ಕೆ ಲೆಕ್ಕವಿಲ್ಲ. ಯಾವ ಹಕ್ಕಿ ಎಲ್ಲಿಂದ ಬರುತ್ತದೆ, ಯಾವ ದಾರಿಯಲ್ಲಿ ಮರಳುತ್ತದೆ ಎಂದು ಇಂದು ಗೊತ್ತಿರುವುದರಲ್ಲಿ ದೊಡ್ಡ ಪಾಲು ಅಲ್ಲಿಂದ ಬಂದದ್ದು. (ಮುಂದೆ ಅಮೆರಿಕದ ಸೇನೆಯ ಹಣದಲ್ಲಿ ನಡೆಯುತ್ತಿದ್ದ ಹಕ್ಕಿರೋಗ ಸಮೀಕ್ಷೆಯೊಂದರ ಜೊತೆ ಇದು ಬೆಸೆದುಕೊಂಡಿತು. ಜೈವಿಕ ಅಸ್ತ್ರದ ಗುಮಾನಿ ಎದ್ದು 1970ರ ದಶಕದಲ್ಲಿ ಸಂಸತ್ತಿನವರೆಗೂ ಹೋಯಿತು. ಅದೇ ಒಂದು ಬೇರೆ ಕಥೆ.) ಆದರೆ ಮಂಗನ ಕಾಯಿಲೆ ಎಂದು ಹೆಸರಾದ ಸೊರಬದ ಆ ಜ್ವರವನ್ನು ಸೈಬೀರಿಯಾದ ಹಕ್ಕಿ ತಂದಿತು ಎಂಬುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಈಗ ಗೊತ್ತಿರುವಂತೆ ಈ ವೈರಸ್‌ನ ಹತ್ತಿರದ ನೆಂಟ ಸೌದಿ ಅರೇಬಿಯಾದ ಅಲ್‌ಖುರ್ಮಾ ವೈರಸ್, ಎರಡೂ ಕವಲೊಡೆದು ಶತಮಾನಗಳೇ ಆಗಿವೆ ಎಂದು ವಂಶವಾಹಿ ಅಧ್ಯಯನಗಳು ಅಂದಾಜಿಸುತ್ತವೆ. ಹಾಗಿದ್ದರೆ 1957ರಲ್ಲೇ ಅದು ತಲೆಯೆತ್ತಿದ್ದು ಏಕೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಮುಖ್ಯರಾದವರು ಕೊಲಂಬಿಯಾ ದೇಶದ ಜಾರ್ಜ್ ಬೋಷೆಲ್. 1969ರಲ್ಲಿ ಅವರು ಮುಂದಿಟ್ಟ ವಿವರಣೆ ಸರಳ: ಜನಸಂಖ್ಯೆ ಹೆಚ್ಚಿ ಕಾಡು ಗದ್ದೆಯಾಯಿತು, ಕಾಡಂಚಿಗೆ ದನಗಳು ಮೇಯಲು ಹೋದವು, ಪ್ರಾಯದ ಉಣುಗುಗಳಿಗೆ ದನದ ರಕ್ತ ಧಾರಾಳವಾಗಿ ಸಿಕ್ಕಿ ಅವುಗಳ ಸಂತತಿ ಉಕ್ಕಿತು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಕಾಡು ಬೋಳಿಸಿ ಗೇರು ತೋಟ ಹಾಕಲು ಹೊರಟಾಗ ಸುತ್ತಮುತ್ತ ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದದ್ದು ಆ ವಿವರಣೆಯ ಕಹಿ ಸಮರ್ಥನೆ. ಓಮ್ಸ್ಕ್‌ನ ಕಥೆಯೂ ಇದಕ್ಕಿಂತ ಬೇರೆಯಲ್ಲ. ಅಲ್ಲಿನ ಮಸ್ಕ್‌ರ‍್ಯಾಟ್ ಸೈಬೀರಿಯಾದ ಪ್ರಾಣಿಯೇ ಅಲ್ಲ, ತುಪ್ಪಳದ ವ್ಯಾಪಾರಕ್ಕೆಂದು ಉತ್ತರ ಅಮೆರಿಕದಿಂದ ತಂದು ಬಿಟ್ಟದ್ದು.

ಉತ್ತರದ ಸಮುದ್ರಗಳಲ್ಲಿ ನಡೆದ ಸಂಶೋಧನೆ ಈ ವಾದಕ್ಕೆ ಮೇಲ್ನೋಟಕ್ಕೆ ಎದುರು ನಿಲ್ಲುತ್ತದೆ. 1980ರ ದಶಕದಲ್ಲಿ ಕೆನಡಾದ ಉತ್ತರ ಕ್ವಿಬೆಕ್‌ನಲ್ಲಿ ಎರಿಕ್ ಡೆವೈಲಿ ಎಂಬ ವೈದ್ಯ ಇನ್ಯುಟ್ ತಾಯಂದಿರ ಎದೆಹಾಲು ಪರೀಕ್ಷಿಸಿದರು. ಯಾವ ಕಾರ್ಖಾನೆಯೂ ಇಲ್ಲದ ಆ ಹಿಮದ ನಾಡಿನ ಹಾಲು ಶುದ್ಧವಿರುತ್ತದೆ, ದಕ್ಷಿಣದ ನಗರಗಳ ಹಾಲಿನ ಜೊತೆ ಹೋಲಿಸಲು ಅನುಕೂಲ ಎಂಬುದು ಲೆಕ್ಕಾಚಾರ. ಬಂದ ಫಲಿತಾಂಶ ತಲೆಕೆಳಗಾಗಿತ್ತು: ವಿದ್ಯುತ್ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಬಳಸುತ್ತಿದ್ದ ಪಿಸಿಬಿ ರಾಸಾಯನಿಕ ಇನ್ಯುಟ್ ತಾಯಂದಿರ ಹಾಲಿನಲ್ಲಿ ದಕ್ಷಿಣದವರಿಗಿಂತ ಸುಮಾರು ಐದು ಪಟ್ಟು ಇತ್ತು. ಬೆಚ್ಚಗಿನ ನಾಡುಗಳಲ್ಲಿ ಆವಿಯಾಗುವ ಇಂಥ ವಸ್ತುಗಳು ಗಾಳಿಯಲ್ಲಿ ತೇಲಿ ತಣ್ಣಗಿನ ಉತ್ತರದಲ್ಲಿ ಕೆಳಗಿಳಿಯುತ್ತವೆ. ಪಾಚಿಯಿಂದ ಮೀನಿಗೆ, ಮೀನಿನಿಂದ ಸೀಲ್ ಮತ್ತು ತಿಮಿಂಗಿಲದ ಕೊಬ್ಬಿಗೆ, ಅಲ್ಲಿಂದ ಅದನ್ನು ಉಣ್ಣುವ ಮನುಷ್ಯರಿಗೆ ಮೆಟ್ಟಿಲು ಮೆಟ್ಟಿಲಾಗಿ ಸಾಂದ್ರವಾಗುತ್ತವೆ. ಫೆರೋ ದ್ವೀಪಗಳಲ್ಲಿ 1986-87ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪಾಲ್ ವೈಹೆ ಮತ್ತು ಫಿಲಿಪ್ ಗ್ರಾಂಜಾ ತಂಡ ಹಿಂಬಾಲಿಸಿತು. ಗರ್ಭಿಣಿಯಾಗಿದ್ದಾಗ ಪೈಲಟ್ ತಿಮಿಂಗಿಲದ ಮಾಂಸ ಹೆಚ್ಚು ತಿಂದ ತಾಯಂದಿರ ಮಕ್ಕಳಲ್ಲಿ, ಏಳನೆಯ ವಯಸ್ಸಿಗೆ, ನೆನಪು, ಗಮನ, ಮಾತಿನ ಪರೀಕ್ಷೆಗಳಲ್ಲಿ ಕೊರತೆ ಕಂಡಿತು. ಕಾರಣ ಆ ಮಾಂಸದಲ್ಲಿದ್ದ ಪಾದರಸ. 2008ರಲ್ಲಿ ಅಲ್ಲಿನ ಮುಖ್ಯ ವೈದ್ಯಾಧಿಕಾರಿಗಳು ತಿಮಿಂಗಿಲ ಮನುಷ್ಯರ ಊಟಕ್ಕೆ ಯೋಗ್ಯವಲ್ಲ ಎಂದೇ ಶಿಫಾರಸು ಮಾಡಿದರು. ಶತಮಾನಗಳ ಊಟವನ್ನು ಒಂದು ಸಂಶೋಧನೆ ತಟ್ಟೆಯಿಂದ ಎತ್ತಿಸಲು ಹೊರಟಿತು. ವಿಷ ಅಲ್ಲಿ ಹೊರಗಿನಿಂದಲೇ ಬಂತು, ಎಲ್ಲಿಂದ ಎಂಬ ಪ್ರಶ್ನೆ ಅಲ್ಲಿ ಸರಿಯೇ ಆಯಿತಲ್ಲ ಎನ್ನಬಹುದು. ಸರಿ. ಆದರೆ ಅದು ಸುತ್ತಿ ಬಳಸಿ ತೋರಿಸಿದ್ದು ಯಾವುದೋ ಪ್ರಾಣಿಯನ್ನಲ್ಲ, ಕಾರ್ಖಾನೆಯ ಚಿಮಣಿ ಇರುವ ಊರುಗಳನ್ನು.

ಆ ಊರುಗಳ ಪಟ್ಟಿಯಲ್ಲಿ ನಾವೂ ಇದ್ದೇವೆ. ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆ, ಸ್ವರ್ಗ ಕನ್ನಡಿಗರು ಇರುವ ಹಳ್ಳಿಗಳು. ಸುತ್ತಲಿನ ಗುಡ್ಡಗಳ ಸರ್ಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಅಲ್ಲಿಯೂ ಮೊದಲು ಮಾತಾಡಿದ್ದು ಪ್ರಾಣಿಗಳೇ. ಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆ ಬರೆದದ್ದು 1979ರಲ್ಲಿ. ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ವಿಚಿತ್ರ ಕಾಯಿಲೆಗಳು ಹೆಚ್ಚುತ್ತಿರುವುದನ್ನು ಹಳ್ಳಿಯ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ಗುರುತಿಸಿ ಬರೆದದ್ದು ಎಷ್ಟೋ ವರ್ಷಗಳ ಮೇಲೆ. ದೇಶ ಕಿವಿಗೊಟ್ಟದ್ದು ಅದಕ್ಕೂ ತಡವಾಗಿ: 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಿಷೇಧ ವಿಧಿಸಿತು. ಅದಕ್ಕೆ ಒಂದು ತಿಂಗಳ ಮುಂಚೆ ಎಂಡೋಸಲ್ಫಾನ್ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಿತ ಪಟ್ಟಿಗೆ ಸೇರಿತ್ತು. ಹಾಗೆ ಸೇರಿಸಲು ತಜ್ಞರ ಸಮಿತಿ ಕೊಟ್ಟ ಕಾರಣಗಳಲ್ಲಿ ಒಂದು, ಆರ್ಕ್ಟಿಕ್‌ನ ಗಾಳಿಯಲ್ಲೂ ಪ್ರಾಣಿಗಳ ಮೈಯಲ್ಲೂ ಅದು ಪತ್ತೆಯಾದದ್ದು. ಪಡ್ರೆಯ ಮೇಲೆ ಸುರಿದದ್ದೇ ಅಲ್ಲಿಗೆ ಹೋಯಿತು ಎಂದು ಯಾರೂ ತೋರಿಸಿಲ್ಲ, ತೋರಿಸಲು ಬರುವುದೂ ಇಲ್ಲ. ಆದರೂ 1979ರ ಆ ಕರುಗಳ ಬಗ್ಗೆ ಯಾರಾದರೂ ಪ್ರಯೋಗಾಲಯದಲ್ಲಿ ಒಂದು ಕಡತ ತೆರೆದಿದ್ದರೆ ಎರಡು ದಶಕದ ಸಿಂಪಡಣೆ ಅಷ್ಟು ಸಲೀಸಾಗಿ ನಡೆಯುತ್ತಿರಲಿಲ್ಲ ಎನ್ನಲು ಹಿಂಜರಿಯಬೇಕಿಲ್ಲ.

ಬೆಂಗಳೂರಿಗೆ ಇನ್ನೂ ಹತ್ತಿರದ ಉದಾಹರಣೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. 2017ರ ಡಿಸೆಂಬರ್‌ನಿಂದ ಅಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದು ಮರದಿಂದ ಕೆಳಗೆ ಬಿದ್ದು ಸತ್ತವು. ಮೊದಲ ಅನುಮಾನ ಎಂದಿನಂತೆ ಹಕ್ಕಿಜ್ವರ. ಪರೀಕ್ಷೆಯಲ್ಲಿ ಅದು ಇಲ್ಲವೆಂದಾಯಿತು. ಹೊಟ್ಟೆ ಕೊಯ್ದು ನೋಡಿದಾಗ ಸಿಕ್ಕದ್ದು ಗಂಟುಗಂಟಾಗಿ ಹೆಣೆದುಕೊಂಡಿದ್ದ ದುಂಡುಹುಳುಗಳು. ಈ ಹುಳುವಿನ ಮೊಟ್ಟೆ ಹಕ್ಕಿಯ ಹಿಕ್ಕೆಯಿಂದ ನೀರಿಗೆ ಬೀಳುತ್ತದೆ, ಮರಿಹುಳುವನ್ನು ನೀರಿನ ಸಣ್ಣ ಜೀವಿಗಳು ನುಂಗುತ್ತವೆ, ಅವನ್ನು ಮೀನು, ಮೀನನ್ನು ಹೆಜ್ಜಾರ್ಲೆ. ಹೆಜ್ಜಾರ್ಲೆಯ ಹೊಟ್ಟೆಯಲ್ಲಿ ನಾಲ್ಕಾರು ಹುಳು ಇರುವುದು ಮಾಮೂಲು. ಸಾಯುವಷ್ಟು ಇರುವುದು, ಕೊಳಚೆ ಸೇರಿದ ಕೆರೆಗಳಲ್ಲಿ ಮೀನು ಹಿಡಿಯುವ ಅನಿವಾರ್ಯದ ಕಡೆ ಬೊಟ್ಟು ಮಾಡುತ್ತದೆ. ಇದೇ ಬಳಗದ ಅನಿಸಾಕಿಸ್ ಎಂಬ ಹುಳು ಉತ್ತರದ ಸಮುದ್ರಗಳಲ್ಲಿ ತಿಮಿಂಗಿಲ ಮತ್ತು ಮೀನುಗಳ ನಡುವೆ ಹೀಗೇ ಸುತ್ತುತ್ತದೆ. ಅರೆ ಉಪ್ಪು ಹಾಕಿದ ಹಸಿ ಹೆರಿಂಗ್ ಮೀನು ತಿನ್ನುವ ನೆದರ್‌ಲೆಂಡ್ಸ್ ಜನರ ಹೊಟ್ಟೆನೋವಿಗೆ ಅದೇ ಕಾರಣವೆಂದು 1960ರಲ್ಲಿ ಗೊತ್ತಾದ ಮೇಲೆ, ಹೆರಿಂಗ್ ಅನ್ನು ಮೊದಲು ಹೆಪ್ಪುಗಟ್ಟಿಸಬೇಕೆಂಬ ಕಾನೂನು ಬಂತು. ಕುತೂಹಲದ ಸಂಗತಿಯೆಂದರೆ, 1978ರಿಂದ 2015ರ ನಡುವೆ ಮೀನುಗಳಲ್ಲಿ ಅನಿಸಾಕಿಸ್ 283 ಪಟ್ಟು ಹೆಚ್ಚಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಬೇಟೆ ನಿಂತು ತಿಮಿಂಗಿಲಗಳು ಚೇತರಿಸಿಕೊಂಡದ್ದು ಇದಕ್ಕೆ ಒಂದು ಕಾರಣವಿರಬಹುದು ಎಂದೂ ಸೂಚಿಸಿತು. ಅಂದರೆ ಹುಳು ಹೆಚ್ಚಾಯಿತೆಂದರೆ ಸಮುದ್ರ ಕೆಟ್ಟಿತೆಂದೇ ಅರ್ಥವಲ್ಲ. ಕೊಕ್ಕರೆಬೆಳ್ಳೂರಿನಲ್ಲಿ ಹುಳು ಒಂದು ಕಥೆ ಹೇಳಿದರೆ ಸಮುದ್ರದಲ್ಲಿ ಇನ್ನೊಂದು ಹೇಳುತ್ತದೆ. ಪ್ರಾಣಿಯ ಮೈ ತಾನಾಗಿ ಉತ್ತರ ಕೊಡುವುದಿಲ್ಲ. ಅದು ಬದುಕಿದ ನೀರನ್ನೂ ಜೊತೆಗಿಟ್ಟು ಓದಬೇಕು.

ನಮ್ಮ ಮನೆಗಳ ಮೀನು ಸಾರು ಕೊತಕೊತ ಕುದಿಯುತ್ತದೆ, ಹುಳುವಿನಿಂದ ನಮಗೇನು ಭಯ ಎಂದು ಕೇಳಿದರೆ ಆ ಮಟ್ಟಿಗೆ ಅದು ನಿಜ. ಕುದಿಸಿದರೆ ಹುಳು ಸಾಯುತ್ತದೆ, ಸೀಸವೂ ಕ್ಯಾಡ್ಮಿಯಮ್ಮೂ ಎಲ್ಲಿಗೂ ಹೋಗುವುದಿಲ್ಲ. ಅವು ಕೆರೆಯ ಕೆಸರಿನಿಂದ ಮೀನಿಗೆ, ಕೊಳಚೆ ನೀರು ಕುಡಿದ ಸೊಪ್ಪಿನಿಂದ ಬುಟ್ಟಿಗೆ ಬರುತ್ತವೆ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಹಕ್ಕಿಜ್ವರದ್ದೇ. ವಲಸೆ ಹಕ್ಕಿ ವೈರಸ್ ಹೊತ್ತು ತರುವುದು ಕಟ್ಟುಕಥೆಯೇನಲ್ಲ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ಹಕ್ಕಿಗಳು ಎಚ್5ಎನ್1 ಹಕ್ಕಿಜ್ವರಕ್ಕೆ ಸತ್ತವು. ಸತ್ತವುಗಳಲ್ಲಿ ಗದಗಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತಿನ ಜಾತಿಯೇ ಮುಖ್ಯ. 2017ರ ಜನವರಿಯಲ್ಲಿ ಎಚ್5ಎನ್8 ಪತ್ತೆಯಾಗಿ ಮೈಸೂರು ಮೃಗಾಲಯ ಒಂದು ತಿಂಗಳು ಬಾಗಿಲು ಹಾಕಿತು. 2023ರ ಕೊನೆಗೆ ಅಲಾಸ್ಕಾದ ಉತ್ತರ ತುದಿಯಲ್ಲಿ ಸತ್ತುಬಿದ್ದಿದ್ದ ಹಿಮಕರಡಿಯಲ್ಲಿ ಎಚ್5ಎನ್1 ವೈರಸ್ ಸಿಕ್ಕಿತು. ಹಕ್ಕಿಗಳ ದಾರಿಯನ್ನು ಕಾಯಬೇಡಿ ಎಂದು ಯಾವ ವಿವೇಕಿಯೂ ಹೇಳಲಾರ. ಆದರೂ ಈ ವೈರಸ್‌ನ ಬೇರು ಹುಡುಕಿದರೆ ಸಿಗುವುದು 1996ರ ಗುವಾಂಗ್‌ಡಾಂಗ್ ಪ್ರಾಂತ್ಯದ ಸಾಕು ಹೆಬ್ಬಾತು. ಸಾಕಣೆಯಿಂದ ಕಾಡುಹಕ್ಕಿಗೆ ದಾಟಿದ್ದು ಮರಳಿ ಸಾಕಣೆಗೆ ಬರುತ್ತಿದೆ. ಕರ್ನಾಟಕದ ಪ್ರಕರಣಗಳಲ್ಲೂ ಸಾಕುಹಕ್ಕಿಗಳೇ ಎದ್ದು ಕಾಣುತ್ತವೆ: 2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದ ಟರ್ಕಿ ಕೋಳಿಗಳು, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯ ನಾಟಿ ಕೋಳಿಗಳು. ಅನುಮಾನ ಒಂದೇ ದಿಕ್ಕಿಗೆ ತಿರುಗಿದರೆ ಆಗುವ ನಷ್ಟಕ್ಕೆ ರಾಜಸ್ಥಾನದ ಸಾಂಭರ್ ಸರೋವರ ಸಾಕ್ಷಿ. 2019ರ ನವೆಂಬರ್‌ನಲ್ಲಿ ಅಲ್ಲಿ ಹದಿನೆಂಟು ಸಾವಿರದಷ್ಟು ಹಕ್ಕಿಗಳು ಸತ್ತಾಗ ಹಕ್ಕಿಜ್ವರದ ಪರೀಕ್ಷೆ ಮೊದಲು ಆಯಿತು, ಇಲ್ಲವೆಂದು ಬಂತು. ಕೊನೆಗೆ ಗೊತ್ತಾದದ್ದು ಬೊಟುಲಿಸಂ, ಆ ಸರೋವರದ ಕೆಸರಿನಲ್ಲೇ ಹುಟ್ಟುವ ವಿಷ. ಸತ್ತ ಹಕ್ಕಿಯ ಮೈಯ ಹುಳು ತಿಂದ ಹಕ್ಕಿಯೂ ಸಾಯುವುದರಿಂದ ಹೆಣಗಳನ್ನು ಬೇಗ ಎತ್ತಿದಷ್ಟೂ ಸಾವು ಕಡಿಮೆ. ಅಲ್ಲಿ ಒಂದೊಂದು ದಿನದ ತಡಕ್ಕೂ ಬೆಲೆ ಇತ್ತು.

ಇಷ್ಟನ್ನು ಹಿನ್ನೆಲೆಗಿಟ್ಟುಕೊಂಡು ದಕ್ಷಿಣ ಬೆಂಗಳೂರಿನ ಕೆರೆಗಳನ್ನು ನೋಡೋಣ. ಸಾರಕ್ಕಿ, ಪುಟ್ಟೇನಹಳ್ಳಿ, ಹುಳಿಮಾವು, ಮಡಿವಾಳ ಕಡೆಯ ನೀರು ಅಗರ ದಾಟಿ ಬೆಳ್ಳಂದೂರಿಗೆ ಹರಿಯುತ್ತದೆ. ಬನಶಂಕರಿಯ ಪಶ್ಚಿಮದ ಇಳಿಜಾರಿನದು ವೃಷಭಾವತಿಗೆ ಸೇರಿ ಬೈರಮಂಗಲಕ್ಕೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ನಗರದ 105 ಕೆರೆಗಳನ್ನು ಸಮೀಕ್ಷಿಸಿದಾಗ ಶೇ 90ರಷ್ಟಕ್ಕೆ ಕೊಳಚೆ ನೀರು ಸೇರುತ್ತಿತ್ತು. ಮಾಲಿನ್ಯ ನಿಯಂತ್ರಣ ಮಂಡಳಿ ಕೆರೆಗಳ ನೀರನ್ನು ಎ ಇಂದ ಇ ವರೆಗೆ ದರ್ಜೆಗಳಲ್ಲಿ ಇಡುತ್ತದೆ. ನಗರದ ಹೆಚ್ಚಿನ ಕೆರೆಗಳು ಡಿ ಅಥವಾ ಇ. ಡಿ ಎಂದರೆ ಮೀನಿಗೂ ವನ್ಯಜೀವಿಗೂ ತಕ್ಕದ್ದು, ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು. ಇ ದರ್ಜೆಗೆ ಆ ಷರತ್ತೇ ಇಲ್ಲ. ಅಂದರೆ ಇ ದರ್ಜೆಯ ಕೆರೆಗಳಲ್ಲಿ, ಕಾಗದದ ಪ್ರಕಾರವೇ ಮೀನಿಗೆ ತಕ್ಕದ್ದಲ್ಲದ ನೀರಿನಲ್ಲಿ ಮೀನು ಸಾಕಣೆಯೂ ಹಕ್ಕಿಗಳ ಚಳಿಗಾಲವೂ ನಡೆದಿವೆ. ಕೊಳಚೆಯ ಗೊಬ್ಬರ ಉಂಡು ಹಸಿರಾದ ಕೆರೆಯಲ್ಲಿ ಹಗಲು ಪಾಚಿಯೇ ಆಮ್ಲಜನಕ ಬಿಡುತ್ತದೆ, ಮಧ್ಯಾಹ್ನ ಬಾಟಲಿ ತುಂಬಿಕೊಂಡರೆ ಅಂಕಿ ಚೆನ್ನಾಗಿಯೇ ಬರುತ್ತದೆ. ರಾತ್ರಿ ಅದೇ ಪಾಚಿ ಉಸಿರಾಡಿ ಅದನ್ನೆಲ್ಲ ಹೀರುತ್ತದೆ. ಬೆಳಗಿನ ಜಾವದ ಹೊತ್ತಿಗೆ ಕಾಟ್ಲಾ, ರೋಹು ಮೀನುಗಳು ಮೇಲೆ ಬಂದು ನೀರಿನ ಮಟ್ಟಕ್ಕೆ ಬಾಯಿ ತೆರೆದು ಮುಚ್ಚುತ್ತಿರುತ್ತವೆ. ಒಂದು ಮೋಡದ ದಿನ ಅಥವಾ ಮೊದಲ ಮಳೆಯ ರಾಜಕಾಲುವೆ ನೀರು ಬಂದರೆ ಸಾಕು, ದಡದುದ್ದಕ್ಕೂ ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲುತ್ತವೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಹೀಗೇ ಆಯಿತು. ಇಂಥ ಸಂದರ್ಭಗಳಲ್ಲಿ ಸತ್ತ ಮೀನು ಲಾರಿಗೆ ತುಂಬಿ ಹೋಗುವುದು ತ್ಯಾಜ್ಯವಾಗಿ.

ಪ್ರಾಣಿಯನ್ನು ಎಚ್ಚರಿಕೆಯ ಗಂಟೆ ಎಂದು ನಂಬುವುದರಲ್ಲೂ ಮೋಸವಿದೆ ಎಂಬ ವಿಜ್ಞಾನಿಗಳ ಆಕ್ಷೇಪ ನ್ಯಾಯವಾದದ್ದು. ಇಲಿಜ್ವರದ ಬ್ಯಾಕ್ಟೀರಿಯಾ ಹೊತ್ತ ಹೆಗ್ಗಣ ಆರಾಮಾಗಿ ಓಡಾಡಿಕೊಂಡಿರುತ್ತದೆ. ಹಕ್ಕಿಜ್ವರದ ವೈರಸ್‌ಗೆ ಎಷ್ಟೋ ಬಾತುಗಳು ಜಗ್ಗುವುದಿಲ್ಲ. ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ಆಫ್ರಿಕನ್ ಕ್ಯಾಟ್‌ಫಿಶ್, ನಿಷೇಧವಿದ್ದರೂ ನಮ್ಮ ಕೆರೆಗಳಿಗೆ ಸೇರಿಕೊಂಡದ್ದು, ಯಾವ ಕೊಳಚೆಯಲ್ಲೂ ಕೊಬ್ಬುತ್ತದೆ. ಮೀನು ಸಾಯಲಿಲ್ಲ ಎಂಬುದು ಕೆರೆ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಾಗದು. ಹಾಗೆಂದು ಸತ್ತ ಪ್ರಾಣಿಯ ಸಾಕ್ಷ್ಯವನ್ನು ಬಿಡಬೇಕೆಂದೇನಿಲ್ಲ. ಬದುಕಿರುವ ಕ್ಯಾಟ್‌ಫಿಶ್‌ನ ಯಕೃತ್ತು, ಹೆಜ್ಜಾರ್ಲೆಯ ಗರಿ, ಹೆಗ್ಗಣದ ಮೂತ್ರಪಿಂಡವನ್ನೂ ಆಗಾಗ ಪರೀಕ್ಷಿಸಬೇಕು ಅಷ್ಟೆ. ಉತ್ತರದಲ್ಲಿ ಪಿಸಿಬಿ ಸೇರಿಕೊಂಡಿದ್ದದ್ದು ಸಾಯದೆ ಇದ್ದ ಸೀಲ್‌ಗಳ ಕೊಬ್ಬಿನಲ್ಲೇ.

ಡೆಂಗಿಗೇ ಸೊಳ್ಳೆ ಹಿಡಿಯಲು ಸಿಬ್ಬಂದಿ ಸಾಲದ ಊರಿನಲ್ಲಿ ಹಕ್ಕಿ ಹೆಣ ಎಣಿಸಲು ದುಡ್ಡೆಲ್ಲಿದೆ ಎಂಬುದು ಉಳಿದ ಆಕ್ಷೇಪ. ಇದಕ್ಕೆ ಉತ್ತರ ಶಿವಮೊಗ್ಗದಲ್ಲಿದೆ. ಮಲೆನಾಡಿನಲ್ಲಿ ಮಂಗ ಸತ್ತು ಬಿದ್ದರೆ ಊರವರೋ ಅರಣ್ಯ ಸಿಬ್ಬಂದಿಯೋ ತಿಳಿಸುತ್ತಾರೆ, ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ, ಆ ಜಾಗದ ಸುತ್ತ ಕೀಟನಾಶಕ ಪುಡಿ ಎರಚುತ್ತಾರೆ, ತರಗೆಲೆ ಗುಡಿಸಲು ಕಾಡಿಗೆ ಹೋಗಬೇಡಿ ಎಂದು ಸಾರುತ್ತಾರೆ. ಅದರಲ್ಲಿ ಲೋಪಗಳು ಬೇಕಾದಷ್ಟಿವೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದಾಗ ಅವೆಲ್ಲ ಬಯಲಿಗೆ ಬಂದವು. ಆದರೆ ಪ್ರಾಣಿಯ ಸಾವು ಆರೋಗ್ಯ ಇಲಾಖೆಯ ದಾಖಲೆಯಾಗುವ ವ್ಯವಸ್ಥೆಯೊಂದು ಬಡ ತಾಲ್ಲೂಕುಗಳಲ್ಲೇ ದಶಕಗಳಿಂದ ನಡೆದಿದೆ. ದಕ್ಷಿಣ ಬೆಂಗಳೂರಿಗೆ ಅದಕ್ಕಿಂತ ಹೆಚ್ಚಿನ ಸಲಕರಣೆ ಕೈಯಳತೆಯಲ್ಲಿದೆ. ಜಯನಗರಕ್ಕೆ ಅಂಟಿಕೊಂಡಂತಿರುವ ನಿಮ್ಹಾನ್ಸ್ ರೇಬೀಸ್ ಸಂಶೋಧನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗಿ ಕೇಂದ್ರ. ಬನ್ನೇರುಘಟ್ಟ ಉದ್ಯಾನದಲ್ಲಿ ವನ್ಯಜೀವಿ ವೈದ್ಯರಿದ್ದಾರೆ. 2023ರಲ್ಲಿ ಅಲ್ಲಿ ಏಳು ಚಿರತೆ ಮರಿಗಳು ಸತ್ತಾಗ ಬೆಕ್ಕುಗಳ ವೈರಸ್ ಕಾರಣವೆಂದು ಬೇಗನೆ ಗೊತ್ತಾಯಿತು. ಹೆಬ್ಬಾಳದಲ್ಲಿ ಪಶು ಆರೋಗ್ಯ ಸಂಸ್ಥೆಯಿದೆ. ಕೋವಿಡ್ ಕಾಲದಲ್ಲಿ ನಗರದ 28 ಕಡೆ ಕೊಳಚೆ ನೀರಿನ ಮಾದರಿ ತೆಗೆದು ವೈರಸ್ ರೂಪಾಂತರಗಳನ್ನು ಹಿಂಬಾಲಿಸಿದ ಅನುಭವವೂ ಇದೇ ಊರಿನದು. ಇಲ್ಲದಿರುವುದು ಕೆರೆ ಕಾಯುವವನು ಸತ್ತ ಹಕ್ಕಿ ಕಂಡರೆ ಯಾರಿಗೆ ಫೋನ್ ಮಾಡಬೇಕು ಎಂಬ ಒಂದು ಸಾಲು. ಕೆರೆ ಒಂದು ಇಲಾಖೆಯದು, ಅದರ ಮೀನು ಇನ್ನೊಂದರದು, ಹಕ್ಕಿ ಮೂರನೆಯದರದು, ಜ್ವರ ನಾಲ್ಕನೆಯದರದು.

ಇನ್ನು ನಮ್ಮ ಮೋರಿಯ ನೀರು ಹೋಗುವ ಕಡೆ ನೋಡಿದರೆ, ಆರ್ಕ್ಟಿಕ್‌ಗೆ ದಕ್ಷಿಣದ ನಗರಗಳು ಹೇಗೋ ಕೋಲಾರಕ್ಕೆ ನಾವು ಹಾಗೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಣ ಘಟಕಗಳಿಂದ 2018ರ ಜೂನ್‌ನಿಂದ ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಯೋಜನೆಯ ಗುರಿ ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ. ಬತ್ತಿದ ಕೊಳವೆಬಾವಿಗಳಲ್ಲಿ ಅದರಿಂದ ನೀರು ಕಾಣಿಸಿದ್ದೂ ನಿಜ, ಶುರುವಾದ ಮರುತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು ವಿಷಯ ಹೈಕೋರ್ಟಿಗೆ ಹೋದದ್ದೂ ನಿಜ. ನೊರೆ ಕಣ್ಣಿಗೆ ಕಾಣುತ್ತದೆ. ಎರಡನೇ ಹಂತದ ಸಂಸ್ಕರಣೆಯನ್ನು ದಾಟಿ ಹೋಗಬಲ್ಲ ಔಷಧಗಳ ಉಳಿಕೆ, ಲೋಹ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಕಾಣುವುದಿಲ್ಲ. ಅವನ್ನು ಹುಡುಕಲು ಮಡಿವಾಳದ ಮೀನನ್ನೂ ಕೋಲಾರದ ನರಸಾಪುರ ಕೆರೆಯ ಮೀನನ್ನೂ ಒಂದೇ ವಾರ, ಒಂದೇ ಪ್ರಯೋಗಾಲಯದಲ್ಲಿ, ಒಂದೇ ಪಟ್ಟಿ ಹಿಡಿದು ಪರೀಕ್ಷಿಸಿ ಫಲಿತಾಂಶವನ್ನು ಎರಡೂ ಊರಿನ ಪಂಚಾಯಿತಿ, ವಾರ್ಡ್ ಕಚೇರಿಗಳಲ್ಲಿ ಅಂಟಿಸಿದರೆ ಆಯಿತು. ಮೂರನೇ ಹಂತದ ಸಂಸ್ಕರಣೆಗೆ ಹಣ ಕೊಡಬೇಕೇ ಬೇಡವೇ ಎಂಬ ಚರ್ಚೆ ಆ ಕಾಗದದ ಮುಂದೆ ನಡೆಯಲಿ.